ಹೆಣ್ಣು ಹೆಣ್ಣಿನ ಪ್ರೇಮಕಥೆ ಅಂತ ದುಡ್ಡು ಕಟ್ಟಿಸಿಕೊಂಡರು, ಹುಷಾರು

ಮುಂಗಡ ದುಡ್ಡು ಕಟ್ಟಿ ಪುಸ್ತಕ ತರಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ನನ್ನ ಹಾಗೆ ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳು ಓದಿ. ಮೂರು ದಿನದಿಂದ ಬರೆಯೋಣ ಅಂತ ಕೂರುತ್ತಿದ್ದೇನೆ, ಕೈ ಓಡುತ್ತಿರಲಿಲ್ಲ. ಇವತ್ತೂ ಕೋಪ ಇಳಿದಿಲ್ಲ. ಹೇಳಿದ್ದನ್ನೇ ಮತ್ತೆ ಹೇಳಿದರೆ ಕ್ಷಮಿಸಿ.

ನಾನಿರುವುದು ಚಿಕ್ಕಬಳ್ಳಾಪುರದಲ್ಲಿ. ಹುಟ್ಟಿದ್ದು ಗೌರಿಬಿದನೂರಿನ ಹತ್ತಿರದ ಹಳ್ಳಿ. ಎರಡು ತಿಂಗಳ ಹಿಂದೆ ಒಂದು ಕಾದಂಬರಿಯ ಜಾಹೀರಾತು ಕಣ್ಣಿಗೆ ಬಿತ್ತು. 1938, ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥ, ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿದ ಧ್ವಜ ಸತ್ಯಾಗ್ರಹದ ಕಾಲ. ಒಬ್ಬಳು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವಳು, ಇನ್ನೊಬ್ಬಳು ಗೌರಿಬಿದನೂರಿನ ಮೇಷ್ಟ್ರ ಮಗಳು. ಜಾತ್ರೆಯಲ್ಲಿ ಸಿಗುತ್ತಾರೆ, ಒಬ್ಬರನ್ನೊಬ್ಬರು ಹಚ್ಚಿಕೊಳ್ಳುತ್ತಾರೆ. ‘ಇಬ್ಬರು ಹೆಣ್ಣುಮಕ್ಕಳ ಪ್ರೇಮಕಥೆ, ಮುಚ್ಚುಮರೆ ಇಲ್ಲದೆ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಇದು ನನ್ನ ಮಾತಲ್ಲ, ಅವರದೇ ಮಾತು. ನೆನಪಿಡಿ.

ಅದನ್ನು ಓದಿದಾಗ ನನಗೆ ಏನಾಯಿತು ಅಂತ ಹೇಗೆ ಹೇಳಲಿ. ಚಿಕ್ಕವಳಿದ್ದಾಗ ಅಜ್ಜಿಯ ಕೈ ಹಿಡಿದುಕೊಂಡು ವಿದುರಾಶ್ವತ್ಥಕ್ಕೆ ಹೋಗುತ್ತಿದ್ದೆ. ಅರಳಿಮರದ ಸುತ್ತ ಸಾಲು ಸಾಲು ನಾಗರಕಲ್ಲು, ಪಕ್ಕದಲ್ಲಿ ಮರಳು ಮಾತ್ರ ಉಳಿದ ಉತ್ತರ ಪಿನಾಕಿನಿ. ಗೋಲಿಬಾರ್ ನಡೆದ ಜಾಗ ತೋರಿಸಿ ಅಜ್ಜಿ ದನಿ ತಗ್ಗಿಸುತ್ತಿದ್ದರು. ಆ ಜನಜಂಗುಳಿಯಲ್ಲಿ ನನ್ನಂಥವಳು ಒಬ್ಬಳಾದರೂ ಇದ್ದಿರಬೇಕಲ್ವಾ ಅಂತ ದೊಡ್ಡವಳಾದ ಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ. ಈಗ ಯಾರೋ ಅವಳ ಕಥೆಯನ್ನೇ ಬರೆದಿದ್ದಾರೆ, ಅದೂ ಕನ್ನಡದಲ್ಲಿ, ನಮ್ಮ ಜಿಲ್ಲೆಯ ನೆಲದಲ್ಲಿ. ಮುಖಬೆಲೆ 450, ಮುಂಗಡ ಕೊಟ್ಟರೆ ಅಂಚೆ ಸೇರಿ 380. ಯೋಚನೆಯೇ ಮಾಡಲಿಲ್ಲ, ಫೋನಲ್ಲೇ ಕಳಿಸಿಬಿಟ್ಟೆ.

ಅಷ್ಟಕ್ಕೇ ನಿಲ್ಲಲಿಲ್ಲ, ನನ್ನ ಸಂಕಟ ಇರುವುದೇ ಅಲ್ಲಿ. ಇನ್ನೂ ಐದು ಜನರಿಗೆ ಹೇಳಿದೆ. ತಗೊಳ್ಳಿ, ಇಂಥದ್ದು ಕನ್ನಡದಲ್ಲಿ ಮತ್ತೆ ಬರುತ್ತೋ ಇಲ್ಲವೋ ಅಂತ ಹಿಂದೆ ಬಿದ್ದು ಹೇಳಿದೆ. ಒಟ್ಟು ಆರು ಪ್ರತಿ, 2,280 ರೂಪಾಯಿ, ಎಲ್ಲರ ದುಡ್ಡೂ ನನ್ನ ಮೂಲಕವೇ ಹೋಯಿತು. ಅವರಲ್ಲಿ ಒಬ್ಬಳು ಚಿಂತಾಮಣಿಯವಳು. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಪಾರ್ಸಲ್ ಮನೆಗೆ ಬಂದರೆ ಕಷ್ಟ ಅಂತ ಕೆಲಸದ ಜಾಗಕ್ಕೆ ತರಿಸಿಕೊಂಡಳು, ಪೇಪರ್ ಸುತ್ತಿ ಬಟ್ಟೆ ಕೆಳಗೆ ಇಟ್ಟುಕೊಂಡು ರಾತ್ರಿ ಮೊಬೈಲ್ ಬೆಳಕಲ್ಲಿ ಓದಿದಳು. ಅಷ್ಟು ಭಯಪಟ್ಟುಕೊಂಡು ಅವಳು ಓದಿದ್ದು ಏನನ್ನು ಅಂತ ಮುಂದೆ ಹೇಳುತ್ತೇನೆ.

ಮಾಮೂಲಿಯಾಗಿ ಮುಂಗಡ ಕಟ್ಟಿದರೆ ಹೆಚ್ಚೆಂದರೆ ತಡವಾಗುತ್ತದೆ, ಮುದ್ರಣ ಕೆಟ್ಟಿರುತ್ತದೆ, ಒಂದೆರಡು ಹಾಳೆ ತಿರುವುಮುರುವಾಗಿರುತ್ತದೆ. ಅದಕ್ಕೆಲ್ಲ ನಾನು ತಯಾರಿದ್ದೆ. ಪುಸ್ತಕ ಹೇಳಿದ ದಿನಕ್ಕೇ ಬಂತು, ಕಾಗದವೂ ಚೆನ್ನಾಗಿತ್ತು. ನಾನೂ ನನ್ನ ಗೆಳತಿಯೂ ರಾತ್ರಿ ಊಟ ಆದ ಮೇಲೆ ದಿನಕ್ಕೆ ಇಪ್ಪತ್ತು ಪುಟ ಗಟ್ಟಿಯಾಗಿ ಓದುವುದು ಅಂತ ಮಾಡಿಕೊಂಡೆವು. ನಾವಿಬ್ಬರೂ ಒಟ್ಟಿಗೆ ಇದ್ದು ಆರು ವರ್ಷ ಆಯಿತು. ಓನರ್‌ಗೆ ನಾವು ಬರೀ ರೂಮ್‌ಮೇಟುಗಳು.

ಮೊದಲು ಎಡವಿದ್ದು ಅವಳೇ. ಅವಳ ಮನೆ ಶಿಡ್ಲಘಟ್ಟ, ಅವರಪ್ಪ ಬಿಚ್ಚಾಣಿಕೆ ಮಾಡಿದವರು, ಆ ಹುಳದ ವಾಸನೆಯಲ್ಲೇ ಬೆಳೆದವಳು. ಕಾದಂಬರಿಯಲ್ಲಿ ಹುಡುಗಿ ಚಿಟ್ಟೆ ಹಾರಿಹೋದ ಗೂಡಿನಿಂದ ನೂಲು ತೆಗೆಯುತ್ತಾಳೆ. ಚಿಟ್ಟೆ ಹೊರಗೆ ಬಂದರೆ ಗೂಡು ತೂತಾಗುತ್ತದೆ, ಎಳೆ ಕಡಿದು ಹೋಗುತ್ತದೆ, ಆಮೇಲೆ ಬಿಚ್ಚುವುದೇನು? ಹುಳ ಒಳಗಿರುವಾಗಲೇ ಗೂಡನ್ನು ಬಿಸಿನೀರಲ್ಲಿ ಬೇಯಿಸುತ್ತಾರೆ. ಶಿಡ್ಲಘಟ್ಟದಲ್ಲಿ ಯಾರ ಮನೆ ಮಗುವನ್ನು ಕೇಳಿದರೂ ಹೇಳುತ್ತದೆ. ಇರಲಿ, ಓದು ಅಂದಳು.

ಆಮೇಲೆ 1938ರಲ್ಲಿ ‘ಚಿಕ್ಕಬಳ್ಳಾಪುರ ಜಿಲ್ಲೆ’ ಅಂತ ಬಂತು. ಜಿಲ್ಲೆ ಆಗಿದ್ದೇ 2007ರಲ್ಲಿ, ಆಗೆಲ್ಲ ಇದು ಕೋಲಾರ. ಗುಂಡು ಹಾರಿಸಲು ಅಪ್ಪಣೆ ಕೊಡುವವನು ಬ್ರಿಟಿಷ್ ಕಲೆಕ್ಟರ್! ಇದು ಮೈಸೂರು ಸಂಸ್ಥಾನ ರೀ. ಏಪ್ರಿಲ್ 25ರಂದು ಗುಂಡು ಹೊಡೆದದ್ದು ಸಂಸ್ಥಾನದ ಪೊಲೀಸರು, ದಿವಾನರು ಮಿರ್ಜಾ ಇಸ್ಮಾಯಿಲ್. ಗಾಂಧೀಜಿ ಸರ್ದಾರ್ ಪಟೇಲರನ್ನೂ ಕೃಪಲಾನಿಯವರನ್ನೂ ಕಳಿಸಿದ ಮೇಲೆ ಮೇ ತಿಂಗಳಲ್ಲಿ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತಾಯಿತು. ನಮ್ಮವರನ್ನು ನಮ್ಮ ಸಂಸ್ಥಾನವೇ ಕೊಂದಿತು ಅನ್ನುವುದೇ ಈ ಕಥೆಯ ನೋವು, ಅದನ್ನೇ ಎತ್ತಿ ಬಿಸಾಕಿದ್ದಾರೆ. ಇನ್ನು ಮಾತು. ನಮ್ಮ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಪುಸ್ತಕದಲ್ಲಿ ಒಂದೇ ಒಂದು ತೆಲುಗು ಪದ ಇಲ್ಲ.

ಇದನ್ನೂ ಸಹಿಸಿಕೊಂಡೆ. ಯಾಕೆಂದರೆ ನನಗೆ ಬೇಕಾಗಿದ್ದು ಆ ಇಬ್ಬರು ಹುಡುಗಿಯರು. ಜಾಹೀರಾತಲ್ಲಿ ಒಂದು ಪ್ಯಾರಾ ಕೊಟ್ಟಿದ್ದರು. ಜಾತ್ರೆಯ ರಾತ್ರಿ, ಹೊಳೆಯ ಮರಳು, ಇಬ್ಬರೂ ಪಕ್ಕಪಕ್ಕ ಮಲಗಿದ್ದಾರೆ, ಮೇಷ್ಟ್ರ ಮಗಳು ಮೊದಲ ಸಲ ಮುತ್ತಿಡುತ್ತಾಳೆ. ನಾನು ದುಡ್ಡು ಕೊಟ್ಟಿದ್ದು ಆ ಪ್ಯಾರಾ ನೋಡಿ. ಚಿಂತಾಮಣಿಯವಳಿಗೆ ಕಳಿಸಿದ್ದೂ ಅದೇ ಪ್ಯಾರಾ.

ಅದು ಬಂದಿದ್ದು 214ನೇ ಪುಟದಲ್ಲಿ. ನಾನು ಓದುತ್ತಿದ್ದೆ, ಅವಳು ನನ್ನ ಭುಜಕ್ಕೆ ಒರಗಿದ್ದಳು. ಪ್ಯಾರಾ ಮುಗಿಯಿತು ಅಂದುಕೊಂಡರೆ ಮುಗಿದಿರಲಿಲ್ಲ. ಇನ್ನೊಂದು ಸಾಲು ಇತ್ತು. ಹುಡುಗಿಗೆ ಜ್ವರ, ಬೆವತು ಎದ್ದು ಕೂರುತ್ತಾಳೆ, ಇಂಥ ಕೆಟ್ಟ ಕನಸು ಯಾಕೆ ಬಿತ್ತೋ ಅಂತ ದೇವರಿಗೆ ಕೈ ಮುಗಿಯುತ್ತಾಳೆ.

ಕನಸು. ಅದೂ ಕೆಟ್ಟ ಕನಸು.

ಫೋನಲ್ಲಿ ಇಟ್ಟುಕೊಂಡಿದ್ದ ಜಾಹೀರಾತು ತೆಗೆದು ಪುಟದ ಪಕ್ಕದಲ್ಲಿ ಹಿಡಿದೆ. ಅಕ್ಷರ ಅಕ್ಷರ ಅದೇ. ಕೊನೆಯ ಸಾಲು ಮಾತ್ರ ಕತ್ತರಿಸಿದ್ದಾರೆ. ಗೊತ್ತಿದ್ದೇ ಕತ್ತರಿಸಿದ್ದಾರೆ. ಆ ಒಂದು ಸಾಲು ಹಾಕಿದ್ದರೆ ನಮ್ಮಂಥವರು ಒಬ್ಬರೂ ಕೊಳ್ಳುತ್ತಿರಲಿಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತು. ನನ್ನ ಗೆಳತಿ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆಯುತ್ತಾ ನಿಂತಳು. ತೊಳೆಯಬೇಕಾದ ಪಾತ್ರೆ ಒಂದೂ ಇರಲಿಲ್ಲ.

ಮುಂದಿನದು ನಾನೊಬ್ಬಳೇ ಓದಿದೆ. 280 ಪುಟದಲ್ಲಿ ಅವರಿಬ್ಬರೂ ಒಟ್ಟಿಗೆ ಇರುವುದು 31 ಪುಟ, ಪೆನ್ಸಿಲ್ ಹಿಡಿದು ಎಣಿಸಿದೆ. ಕೊನೆಗೆ ನೂಲು ಬಿಚ್ಚುವವಳಿಗೆ ಗುಂಡು ಬೀಳುತ್ತದೆ. ಸಾಯುವಾಗ ಮೇಷ್ಟ್ರ ಮಗಳ ಕೈಯನ್ನು ತನ್ನ ಅಣ್ಣನ ಕೈಗೆ ಇಟ್ಟು ಹೋಗುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಮದುವೆ, ಓಲಗ, ಗಂಡುಮಗು. ಅಲ್ಲಿ ನಿಜವಾಗಿ ಜನ ಸತ್ತಿದ್ದಾರೆ, 32 ಜನ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಒಂದು ಹುಡುಗಿಯನ್ನು ದಾರಿಯಿಂದ ಸರಿಸಿ ಇನ್ನೊಬ್ಬಳಿಗೆ ಮದುವೆ ಮಾಡಿಸುವುದಕ್ಕೆ ಆ ಸಾವುಗಳನ್ನು ಬಳಸಿಕೊಳ್ಳುವುದಾ? ನನಗೆ ಎರಡು ಕಡೆಯಿಂದಲೂ ಹೊಡೆದ ಹಾಗಾಯಿತು.

ಮಾರಿದವರಿಗೆ ಮೆಸೇಜು ಹಾಕಿದೆ. ಮರ್ಯಾದೆಯಾಗಿಯೇ ಹಾಕಿದೆ. ಪ್ರೇಮಕಥೆ ಅಂದಿರಿ, ಇದರಲ್ಲಿ ಪ್ರೇಮ ಎಲ್ಲಿದೆ ಅಂತ ಕೇಳಿದೆ.

‘ಮೇಡಂ, ಸ್ನೇಹವೂ ಪ್ರೇಮವೇ ಅಲ್ಲವೇ’ ಅಂತ ಬಂತು.

ಕೊನೆಯ ಸಾಲು ಯಾಕೆ ಕತ್ತರಿಸಿದಿರಿ ಅಂದೆ. ‘ಜಾಹೀರಾತಲ್ಲಿ ಜಾಗ ಕಮ್ಮಿ ಇತ್ತು.’ ಆ ಸಾಲು ಎಣಿಸಿದರೆ ಹದಿನೈದು ಪದ ಕೂಡ ಇಲ್ಲ. ದಪ್ಪ ಅಕ್ಷರಕ್ಕೆ ಜಾಗ ಇತ್ತು, ಇದಕ್ಕೆ ಇರಲಿಲ್ಲವಾ?

ಆರು ಪ್ರತಿಯ ದುಡ್ಡು ವಾಪಸ್ ಕೇಳಿದೆ. ‘ಓದಿದ ಪುಸ್ತಕ ವಾಪಸ್ ತಗೊಳ್ಳಲ್ಲ ಮೇಡಂ, ಊಟ ಮಾಡಿ ಆದ ಮೇಲೆ ರುಚಿ ಇಲ್ಲ ಅಂದರೆ ಹೇಗೆ.’ ನಾನು ರುಚಿಯ ಮಾತೇ ಆಡಿರಲಿಲ್ಲ. ಮುದ್ದೆ ಅಂತ ಹೇಳಿ ಮಣ್ಣು ಬಡಿಸಿದ್ದೀರಿ ಅಂತ ಬರೆದೆ. ಅದಕ್ಕೆ, ಇನ್ನೂ ಬಿಚ್ಚಿ ಬರೆದರೆ ಕಾನೂನಿನ ತೊಂದರೆ ಆಗುತ್ತೆ, ನಿಮಗೇ ಗೊತ್ತಲ್ಲ ಅಂದರು. ನನಗೆ ಗೊತ್ತು. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂದ ದಿನ ನಾನು ಬಸ್ಸಲ್ಲಿ ಕೂತು ಅತ್ತಿದ್ದೇನೆ. ನಮ್ಮ ಪ್ರೀತಿ ಅಪರಾಧ ಅಲ್ಲ ಅಂತ ಅವತ್ತೇ ಹೇಳಿ ಆಗಿದೆ. ಆ ದಿನಾಂಕ ಬರೆದು ಕಳಿಸಿದೆ.

ಕೊನೆಗೆ ಬಂದ ಉತ್ತರ ಇದು: ‘ನಿಮ್ಮಂಥವರ ಬಗ್ಗೆ ಬರೆದಿದ್ದಾರಲ್ಲ, ಅದಕ್ಕೇ ಖುಷಿ ಪಡಬೇಕು.’ ಆಮೇಲೆ ಬ್ಲಾಕ್ ಮಾಡಿದರು.

ನಿಮ್ಮಂಥವರು. ದುಡ್ಡು ಕಟ್ಟುವವರೆಗೆ ನಾನು ‘ಆತ್ಮೀಯ ಓದುಗರೇ’ ಆಗಿದ್ದೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಸುಳ್ಳು ಜಾಹೀರಾತು ಅನ್ನುವುದು 2019ರ ಗ್ರಾಹಕ ಕಾಯ್ದೆಯಲ್ಲೇ ಇದೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ, ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಪುಸ್ತಕದ ಹೆಸರು ಇಲ್ಲಿ ಬರೆಯುವುದಿಲ್ಲ, ನನ್ನ ಕೈಯಿಂದ ಅವರಿಗೆ ಇನ್ನೊಂದು ಪ್ರಚಾರ ಬೇಡ. 1938, ವಿದುರಾಶ್ವತ್ಥ, ಹೊಳೆ ಮರಳಿನ ಮುತ್ತು, ಇಷ್ಟು ಕಂಡರೆ ಅದೇ ಅಂತ ತಿಳಿಯಿರಿ. ಇಂಥ ಪುಸ್ತಕಕ್ಕೆ ಮುಂಗಡ ಕಟ್ಟಬೇಡಿ. ನಂಬುವ ಒಬ್ಬರು ಕೊನೆಯ ಪುಟದವರೆಗೆ ಓದಲಿ, ಆಮೇಲೆ ಕೊಳ್ಳಿ. ಜಾಹೀರಾತನ್ನು ಫೋನಲ್ಲಿ ಉಳಿಸಿಕೊಳ್ಳಿ, ನನ್ನ ಹತ್ತಿರ ಈಗ ಇರುವ ಸಾಕ್ಷಿ ಅದೊಂದೇ.

ನಾಲ್ಕು ಜನರಿಗೆ ನನ್ನ ಕೈಯಿಂದಲೇ ದುಡ್ಡು ವಾಪಸ್ ಕೊಟ್ಟೆ. ಚಿಂತಾಮಣಿಯವಳು ಬೇಡ ಅಂದಳು. ಅಕ್ಕ, ಆ ಕೆಟ್ಟ ಕನಸು ಅನ್ನುವ ಸಾಲು ಓದಿದಾಗ ನಮ್ಮಮ್ಮನೇ ಪಕ್ಕದಲ್ಲಿ ನಿಂತು ಹೇಳಿದ ಹಾಗಾಯಿತು ಅಂದಳು. ಅವಳಿಗೆ ಏನು ಹೇಳಬೇಕು ಅಂತ ನನಗೆ ಇವತ್ತಿಗೂ ಹೊಳೆದಿಲ್ಲ.

ನಿನ್ನೆ ಗೆಳತಿಯ ಫೋನಿಗೆ ಅವರ ಹೊಸ ಜಾಹೀರಾತು ಬಂದಿದೆ. ಎರಡನೇ ಮುದ್ರಣವಂತೆ, ಈ ಸಲ ಮುಂಗಡ 420. ಪ್ಯಾರಾ ಅದೇ. ನಿಂತಿರುವುದೂ ಅದೇ ಸಾಲಿಗೆ.