ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮ, 2020: ಕ್ವಾರಂಟೈನಿನಲ್ಲಿ ಕುಳಿತವನ ವಿಮರ್ಶೆ

2020ರ ಮೇ ತಿಂಗಳಲ್ಲಿ ಮುಂಬಯಿಯಿಂದ ಊರಿಗೆ ಮರಳಿದ ಕರಾವಳಿಯ ಸಾವಿರಾರು ಜನರಲ್ಲಿ ನಾನೂ ಒಬ್ಬ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಪಾಸು ಸಿಕ್ಕ ಮೇಲೆ ನಾಲ್ವರು ಸೇರಿ ಬಾಡಿಗೆ ಕಾರಿನಲ್ಲಿ ಹೊರಟು, ನಿಪ್ಪಾಣಿ ಸಮೀಪದ ಕೊಗನೊಳ್ಳಿ ಚೆಕ್‌ಪೋಸ್ಟ್ ದಾಟಿ, ಶಿರೂರಿನ ಗಡಿ ಮುಟ್ಟುವಷ್ಟರಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. ಅಲ್ಲಿಂದ ನಮ್ಮನ್ನು ನೇರವಾಗಿ ಒಂದು ವಸತಿ ನಿಲಯಕ್ಕೆ ಕರೆದೊಯ್ದರು. ಆ ದಿನಗಳಲ್ಲಿ ನನ್ನನ್ನು ಒಳಗೆ ಕೂರಿಸಿದ ಕಾನೂನನ್ನು, ಗಿರಾಕಿಯೊಬ್ಬ ತಾನು ಕಾಸು ಕೊಟ್ಟು ಪಡೆದ ಸೇವೆಯನ್ನು ಅಳೆಯುವಂತೆ, ಈಗ ಅಳೆದು ನೋಡುತ್ತಿದ್ದೇನೆ. ತೆರಿಗೆ ಕಟ್ಟುವವನಿಗೆ ಅಷ್ಟು ಹಕ್ಕು ಇದೆಯೆಂದು ಭಾವಿಸುತ್ತೇನೆ.

ಮೊದಲು ಸರಕಿನ ಮೂಲ. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗನ್ನು ಹತ್ತಿಕ್ಕಲು ಬ್ರಿಟಿಷರು 1897ರಲ್ಲಿ ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ ಇದ್ದದ್ದು ನಾಲ್ಕೇ ಕಲಂ. ಅಪಾಯಕಾರಿ ರೋಗ ಬಂದಿದೆ ಅಥವಾ ಬರುವಂತಿದೆ ಎಂದು ಸರ್ಕಾರಕ್ಕೆ ಮನವರಿಕೆಯಾದರೆ ಸಾಕು, ತನಗೆ ಅಗತ್ಯವೆನಿಸಿದ ಕ್ರಮಗಳನ್ನು ಅದು ಕೈಗೊಳ್ಳಬಹುದಿತ್ತು. ರೈಲಿನ ಪ್ರಯಾಣಿಕರನ್ನು ತಪಾಸಿಸಿ ಬೇರ್ಪಡಿಸಿ ಇಡುವ ಅಧಿಕಾರವನ್ನು ಅದರಲ್ಲಿ ಬಿಡಿಸಿಯೇ ಹೇಳಲಾಗಿತ್ತು. ಆ ಅಧಿಕಾರವನ್ನು ಪುಣೆಯಲ್ಲಿ ಚಲಾಯಿಸಿದ ಬಗೆಗೆ ಜನ ಎಷ್ಟು ಕೆರಳಿದ್ದರೆಂಬುದಕ್ಕೆ 1897ರ ಜೂನ್‌ನಲ್ಲಿ ನಡೆದ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಹತ್ಯೆಯೇ ಸಾಕ್ಷಿ. ಅಂಥ ಅಧಿಕಾರ ನೂರಿಪ್ಪತ್ತು ವರ್ಷ ದಾಟಿಯೂ ನಮ್ಮ ಕಡತಗಳಲ್ಲಿ ಜೀವಂತವಾಗಿತ್ತು. ಕಲಬುರಗಿಯ 76 ವರ್ಷದ ವೃದ್ಧರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡು, ಅದು ದೇಶದ ಮೊದಲ ಕೋವಿಡ್ ಸಾವೆಂದು ಖಚಿತವಾದ ಆ ವಾರವೇ ರಾಜ್ಯ ಸರ್ಕಾರ ಹಳೆಯ ಕಾಯ್ದೆಯಡಿ ಕೋವಿಡ್ ನಿಯಮಗಳನ್ನು ಹೊರಡಿಸಿ, ಮಾಲ್, ಚಿತ್ರಮಂದಿರಗಳನ್ನು ಮುಚ್ಚಿಸಿತು.

ಹೊಸ ಕಾನೂನು ಬಂದದ್ದು ಏಪ್ರಿಲ್ 22ರಂದು, ಸುಗ್ರೀವಾಜ್ಞೆಯ ರೂಪದಲ್ಲಿ. ಮೂರು ದಿನಗಳ ಹಿಂದೆ ಬೆಂಗಳೂರಿನ ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ದಾಳಿ ನಡೆದಿದ್ದರಿಂದ ಅದರಲ್ಲಿ ಶಿಕ್ಷೆಯ ಮಾತಿಗೆ ಹೆಚ್ಚು ಒತ್ತು ಸಿಕ್ಕಿತು. ಸುಗ್ರೀವಾಜ್ಞೆ ನಂತರ ಅಧಿನಿಯಮವಾಯಿತು. ರಾಜ್ಯದ ಬೇರೆ ಬೇರೆ ಪ್ರಾಂತಗಳಿಗೆ ಅಂಟಿಕೊಂಡಿದ್ದ ಹಳೆಯ ಕಾನೂನುಗಳನ್ನು ಒಂದುಗೂಡಿಸುವುದು ಅದರ ಘೋಷಿತ ಉದ್ದೇಶ. 1897ರ ಕಾಯ್ದೆಯಂತೆ ‘ಅಗತ್ಯವೆನಿಸಿದ ಕ್ರಮ’ ಎಂದು ತೇಲಿಸಿ ಹೇಳದೆ, ಗಡಿ ಮುಚ್ಚುವುದು, ಸಾರಿಗೆ ನಿರ್ಬಂಧಿಸುವುದು, ಜಾತ್ರೆ ಸಮಾರಂಭಗಳನ್ನು ತಡೆಯುವುದು, ಕಚೇರಿ ಅಂಗಡಿಗಳ ವ್ಯವಹಾರವನ್ನು ಮಿತಿಗೊಳಿಸುವುದು ಎಂದು ಅಧಿಕಾರಗಳನ್ನು ಬಿಡಿಸಿ ಬರೆದಿರುವುದು ಈ ಕಾನೂನಿನ ದೊಡ್ಡ ಗುಣ. ಸರ್ಕಾರ ಏನೇನು ಮಾಡಬಹುದೆಂದು ಓದಿದವನಿಗೆ ತಿಳಿಯುತ್ತದೆ. ಹಳೆಯದಕ್ಕೆ ಹೋಲಿಸಿದರೆ ಇದು ಸಣ್ಣ ಸುಧಾರಣೆಯಲ್ಲ.

ಆದರೆ ನಾನು ವಸತಿ ನಿಲಯದ ಎರಡನೆಯ ಮಹಡಿಯಲ್ಲಿ ಕುಳಿತಿದ್ದಾಗ ನನಗೆ ಬೇಕಾಗಿದ್ದುದು ಇನ್ನೊಂದು ಪಟ್ಟಿ. ಒಂದು ಕೋಣೆಗೆ ಮೂವರು, ಎಂಟು ಕೋಣೆಗಳಿಗೆ ಎರಡು ಶೌಚಾಲಯ. ಮೊದಲ ದಿನ ಮಧ್ಯಾಹ್ನದ ಊಟ ಬಂದದ್ದು ನಾಲ್ಕು ಗಂಟೆಗೆ: ಬಾಳೆಲೆಯಲ್ಲಿ ಕಟ್ಟಿದ ಕುಚ್ಚಲಕ್ಕಿ ಅನ್ನ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸಾರು. ಅದನ್ನು ಕಳುಹಿಸಿದ್ದು ಯಾವುದೇ ಇಲಾಖೆಯಲ್ಲ, ಊರಿನ ಯುವಕ ಮಂಡಲ. ಮರುದಿನದಿಂದ ಪಂಚಾಯಿತಿಯವರು ಏರ್ಪಾಟು ಮಾಡಿದರು. ಊಟ ಚೆನ್ನಾಗಿಯೇ ಇತ್ತು. ನನ್ನ ಪಕ್ಕದ ಹಾಸಿಗೆಯಲ್ಲಿ ಮಧುಮೇಹವಿದ್ದ ಹಿರಿಯರೊಬ್ಬರಿದ್ದರು. ಘಾಟ್‌ಕೋಪರಿನ ಹೋಟೆಲೊಂದರಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು. ಅವರ ಇನ್ಸುಲಿನ್ ಇಡಲು ಫ್ರಿಜ್ ಇರಲಿಲ್ಲ. ಆಶಾ ಕಾರ್ಯಕರ್ತೆ ಅದನ್ನು ತಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟು ದಿನಕ್ಕೆರಡು ಬಾರಿ ಸ್ಟೀಲ್ ಡಬ್ಬಿಯಲ್ಲಿ ತಂದುಕೊಟ್ಟರು. “ಅಕ್ಕ, ನಿಮಗೆ ಇದಕ್ಕೆ ಆದೇಶ ಉಂಟಾ?” ಎಂದು ನಾನು ಕೇಳಿದ್ದಕ್ಕೆ, “ಆದೇಶ ಕಾದು ಕೂತರೆ ಇವರ ಸಕ್ಕರೆ ಕಾಯುತ್ತದಾ ಮಾರಾಯ್ರೆ?” ಎಂದರು.

ಈ ಸೇವೆಯ ಕುರಿತು ನನ್ನ ತಕರಾರು ಇರುವುದು ಇಲ್ಲಿಯೇ. ಪ್ರತ್ಯೇಕವಾಗಿ ಇರಿಸಿದವನ ಊಟ, ಔಷಧಿ, ಕಳೆದುಹೋದ ಕೂಲಿ ಯಾರ ಹೊಣೆ, ತಪ್ಪಾಗಿ ಇರಿಸಿದ್ದರೆ ಅವನು ಯಾರಿಗೆ ಮೇಲ್ಮನವಿ ಸಲ್ಲಿಸಬೇಕು ಎಂಬ ಮಾತು ಅಧಿನಿಯಮದಲ್ಲಿ ಇಲ್ಲ. ಸದ್ಭಾವನೆಯಿಂದ ಮಾಡಿದ ಕೆಲಸಕ್ಕಾಗಿ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಎಂಬ ರಕ್ಷಣೆ ಮಾತ್ರ ಮರೆಯದೆ ಬಂದಿದೆ. ಬರೆಯಲು ಬಾರದೆ ಬಿಟ್ಟುಹೋಯಿತು ಎನ್ನಲಾಗದು. ಇದೇ ಸರ್ಕಾರ 2020ರ ಜೂನ್‌ನಲ್ಲಿ ಬೇರೆ ಕಾನೂನುಗಳ ಬಲದಿಂದ ಖಾಸಗಿ ಆಸ್ಪತ್ರೆಗಳ ದರವನ್ನು ಎಷ್ಟು ಕರಾರುವಾಕ್ಕಾಗಿ ನಿಗದಿಪಡಿಸಿತೆಂದರೆ, ವೆಂಟಿಲೇಟರ್ ಇರುವ ಐಸಿಯುಗೆ ಸರ್ಕಾರ ಕಳುಹಿಸಿದ ರೋಗಿಗೆ ದಿನಕ್ಕೆ 10,000 ರೂಪಾಯಿ, ಸ್ವಂತ ಖರ್ಚಿನಲ್ಲಿ ಬಂದವರಿಗೆ 25,000 ರೂಪಾಯಿ ಎಂದು ವಾರ್ಡು ವಾರ್ಡಿಗೂ ಲೆಕ್ಕ ಬರೆಯಿತು. ಆ ಆದೇಶ ನನ್ನ ದೃಷ್ಟಿಯಲ್ಲಿ ಆ ಕಾಲದ ಅತ್ಯುತ್ತಮ ಅಧಿಕಾರ ಬಳಕೆಗಳಲ್ಲೊಂದು.

ಎರಡನೆಯ ದೋಷ ಚಂಚಲತೆ. ಮೊದಲು 14 ದಿನ ಎಂದರು. ಬಳಿಕ ಏಳು ದಿನ ಕೇಂದ್ರದಲ್ಲಿ, ಏಳು ದಿನ ಮನೆಯಲ್ಲಿ ಎಂದಾಯಿತು. ಮೇ 18ರಂದು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವೇ ಇಲ್ಲವೆಂದು ಪ್ರಕಟಿಸಿದರು. ಮಾಸ್ಕ್ ಹಾಕದವರಿಗೆ ನಗರಗಳಲ್ಲಿ 1,000 ರೂಪಾಯಿ ಎಂದು ಸೆಪ್ಟೆಂಬರ್ ಕೊನೆಗೆ ಏರಿಸಿದ ದಂಡವನ್ನು ಒಂದೇ ವಾರದಲ್ಲಿ 250ಕ್ಕೆ ಇಳಿಸಿದರು. ಹೊಸ ರೋಗದ ಎದುರು ನಿಯಮ ಬದಲಾಗುವುದು ಸಹಜ, ಅದನ್ನು ನಾನು ಒಪ್ಪುತ್ತೇನೆ. ಬದಲಾದದ್ದಕ್ಕೆ ಕಾರಣವನ್ನು ಜನರ ಮುಂದಿಡುವ ಕಡ್ಡಾಯ ಇರಬೇಕಿತ್ತು ಎಂಬುದಷ್ಟೇ ನನ್ನ ಮಾತು.

ಗಡಿ ಮುಚ್ಚುವ ಅಧಿಕಾರದ ಬಗ್ಗೆ ಬರೆಯುವಾಗ ಕಾಸರಗೋಡಿನ ಕನ್ನಡಿಗರನ್ನು ಮರೆಯಲಾಗದು. ಈ ಅಧಿಕಾರ ಸುಗ್ರೀವಾಜ್ಞೆಯ ಅಕ್ಷರಗಳಲ್ಲಿ ಬರುವ ಮೊದಲೇ ಮಾರ್ಚ್ ಕೊನೆಯಲ್ಲಿ ರಸ್ತೆಗಳ ಮೇಲೆ ಮಣ್ಣಿನ ರಾಶಿಯಾಗಿ ಬಂದಿತ್ತು. ಕಾಯಿಲೆ ಬಿದ್ದರೆ ಮಂಗಳೂರಿಗೇ ಓಡುವ ಮಂಜೇಶ್ವರದ ಕಡೆಯವರಿಗೆ ಗಡಿಯ ತಲಪಾಡಿ ದಾಟಲಾಗಲಿಲ್ಲ. ಆಸ್ಪತ್ರೆ ತಲುಪದೆ ಕೆಲವರು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ಸಂವಿಧಾನದ 19 ಮತ್ತು 21ನೇ ವಿಧಿಗಳನ್ನು ಆಧರಿಸಿ, ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ ಕೇಂದ್ರದ ಮಧ್ಯಸ್ಥಿಕೆಯಲ್ಲಿ ಒಂದು ಕ್ರಮ ಗೊತ್ತಾಯಿತು. ಮುಚ್ಚುವ ಅಧಿಕಾರವನ್ನು ಅಧಿನಿಯಮದಲ್ಲಿ ಸೇರಿಸಿದವರು ಆಂಬುಲೆನ್ಸಿಗೊಂದು ಸಾಲನ್ನೂ ಸೇರಿಸಬಹುದಿತ್ತು, ಏಕೆಂದರೆ ಅಷ್ಟು ಹೊತ್ತಿಗೆ ಆ ಪಾಠ ಮೂರು ವಾರ ಹಳೆಯದಾಗಿತ್ತು.

ಆಗಸ್ಟ್ 24ರಂದು ಹೊರ ರಾಜ್ಯಗಳಿಂದ ಬರುವವರ ನೋಂದಣಿ, ಕೈ ಮುದ್ರೆ, ಕ್ವಾರಂಟೈನ್ ಎಲ್ಲವನ್ನೂ ಒಂದು ಸುತ್ತೋಲೆಯಲ್ಲಿ ರದ್ದುಪಡಿಸಿದರು. ಹಾಗಿದ್ದರೂ ಇನ್ನೊಂದು ರೋಗ ಬಂದಾಗ ಹೊರತೆಗೆಯುವ ಉಪಕರಣ ಇದೇ ಅಧಿನಿಯಮ. ಇದನ್ನು ತಿದ್ದುವವರಿಗೆ ನನ್ನದೊಂದು ಬೇಡಿಕೆ ಇದೆ. ವಸತಿ ನಿಲಯದ ಬಾಗಿಲಲ್ಲಿ ನನ್ನ ಮುಂಗೈಗೆ ಮುದ್ರೆ ಒತ್ತಿದರು, ಫೋನ್ ನಂಬರ್ ಬರೆದುಕೊಂಡರು, ಆದರೆ ಕೈಗೆ ಒಂದು ಚೀಟಿ ಕೊಡಲಿಲ್ಲ. ಯಾವ ಕಲಮಿನಡಿ, ಎಷ್ಟು ದಿನ, ಯಾರ ಆದೇಶದಿಂದ ಒಳಗಿದ್ದೇನೆ, ಊಟ ಔಷಧಿಗೆ ಯಾರನ್ನು ಕೇಳಬೇಕು, ಒಪ್ಪದಿದ್ದರೆ ಎಲ್ಲಿಗೆ ಬರೆಯಬೇಕು ಎಂದು ಅರ್ಧ ಹಾಳೆಯಲ್ಲಿ, ಕನ್ನಡದಲ್ಲಿ ಅಚ್ಚುಹಾಕಿ ಕೊಟ್ಟಿದ್ದರೆ, ಕೆಳಗಿನ ಅಂಗಳದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಜೊತೆ ಪ್ರತಿ ಸಂಜೆ ನಡೆಯುತ್ತಿದ್ದ ಜಗಳದ ಮುಕ್ಕಾಲು ಪಾಲು ನಡೆಯುತ್ತಲೇ ಇರಲಿಲ್ಲ.