ತೀರ್ಥಹಳ್ಳಿಯಿಂದ ಟಾರ್ ಬ್ರೌಸರ್: ಒಂದು ವಿಮರ್ಶೆ

ಅಂತರ್ಜಾಲದಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸವನ್ನು ಮರೆಮಾಚುವ ಉಚಿತ ಸಾಧನಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಟಾರ್ ಬ್ರೌಸರಿನ ಮೇಲೆ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಸಾಮಾನ್ಯ ಬ್ರೌಸರಿನಿಂದ ಐಪಿ ಪರೀಕ್ಷಿಸಿದರೆ ಊರಿನ ಬದಲು ಬೆಂಗಳೂರು ಎಂದು ಕಾಣಿಸುತ್ತದೆ. ಹಾಗೆಂದು ನಿಶ್ಚಿಂತರಾಗುವಂತಿಲ್ಲ, ಯಾವ ಹೊತ್ತಿನಲ್ಲಿ ಯಾವ ವಿಳಾಸ ಯಾವ ಗ್ರಾಹಕರ ಪಾಲಿಗಿತ್ತೆಂಬುದನ್ನು ಸಂಪರ್ಕ ಒದಗಿಸುವ ಕಂಪನಿ ದಾಖಲಿಸಿಟ್ಟುಕೊಂಡಿರುತ್ತದೆ.

ಟಾರ್‌ನಲ್ಲಿ ಅದೇ ಪರೀಕ್ಷೆ ಮಾಡಿದಾಗ ಜರ್ಮನಿಯ ವಿಳಾಸ ಬಂತು. ವಿಳಾಸಪಟ್ಟಿಯ ಪಕ್ಕದ ಚಿಹ್ನೆಯನ್ನು ಒತ್ತಿದರೆ ಮಾಹಿತಿ ಹಾದುಹೋಗುವ ಮೂರು ಸರ್ವರ್‌ಗಳು ದೇಶಗಳ ಹೆಸರಿನೊಂದಿಗೆ ಕಾಣುತ್ತವೆ. ಮೊದಲನೆಯದಕ್ಕೆ ನಮ್ಮ ಐಪಿ ತಿಳಿದರೂ ನಾವು ಹೋಗುವ ತಾಣ ತಿಳಿಯದು. ಕೊನೆಯದಕ್ಕೆ ತಾಣ ತಿಳಿದರೂ ನಮ್ಮ ಐಪಿ ತಿಳಿಯದು. ನಮ್ಮ ಸಂಪರ್ಕವನ್ನು ತನ್ನ ಸರ್ವರಿನ ಮೂಲಕ ಹಾಯಿಸಿ ಐಪಿ ಮರೆಮಾಚುವ ಸೇವೆಯಾದ ವಿಪಿಎನ್‌ನಲ್ಲಿ ಇವೆರಡೂ ಒಂದೇ ಕಂಪನಿಯ ಕೈಯಲ್ಲಿರುತ್ತವೆ. ಗ್ರಾಹಕರ ವಿವರಗಳನ್ನು 5 ವರ್ಷ ಉಳಿಸಿಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ವಿಪಿಎನ್ ಸಂಸ್ಥೆಗಳಿಗೆ ನಿರ್ದೇಶಿಸಿದ್ದನ್ನು ನೆನೆದರೆ ಈ ವ್ಯತ್ಯಾಸ ಸಣ್ಣದಲ್ಲ.

ವೇಗ ಮಾತ್ರ ಕಡಿಮೆ. ಆಷಾಢದ ಮಳೆಯಲ್ಲಿ ಕರೆಂಟು ಹೋಗಿ ಮೊಬೈಲ್ ನೆಟ್‌ವರ್ಕೂ ಕುಂಟುವಾಗ ಇದರಲ್ಲಿ ವಿಡಿಯೋ ನೋಡುವ ಆಸೆಯನ್ನೇ ಬಿಡಬೇಕು. ಕೆಲವು ತಾಣಗಳು ಟಾರ್ ಎಂದೊಡನೆ ಬಾಗಿಲು ಹಾಕುತ್ತವೆ. ಇನ್ನು, ನಮ್ಮದೇ ಹೆಸರಿನ ಖಾತೆಗೆ ಲಾಗಿನ್ ಆದ ಮೇಲೆ ಐಪಿ ಮುಚ್ಚಿಟ್ಟರೂ ಆ ತಾಣಕ್ಕೆ ನಾವು ಯಾರೆಂದು ಗೊತ್ತೇ ಇರುತ್ತದೆ. ಆದ್ದರಿಂದ ಕಾಯಿಲೆ, ಕಾನೂನಿನಂಥ ಖಾಸಗಿ ವಿಷಯಗಳ ಹುಡುಕಾಟಕ್ಕೆ ಟಾರ್, ಬ್ಯಾಂಕಿನ ವ್ಯವಹಾರಕ್ಕೆ ಎಂದಿನ ಬ್ರೌಸರ್ ಎಂದು ನಾನು ವಿಂಗಡಿಸಿಕೊಂಡಿದ್ದೇನೆ.