ವಿದ್ಯಾರ್ಥಿ ಸೇವೆಯ ಉದ್ಯೋಗಕ್ಕೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವುದೇ, ಶಿಕ್ಷಣಶಾಸ್ತ್ರದ ಎಂಎ ಓದುವುದೇ?

ಕಾಲೇಜಿನ ಹಾಸ್ಟೆಲ್, ಆಪ್ತಸಮಾಲೋಚನೆ, ವಿದ್ಯಾರ್ಥಿವೇತನಗಳ ಆಡಳಿತದಲ್ಲಿ ದುಡಿಯಬಯಸುವ ಕಾಸರಗೋಡಿನ ಪದವೀಧರರು, ಅಮೆರಿಕದಲ್ಲಿರುವಂಥ, ವಿದ್ಯಾರ್ಥಿ ಸೇವೆಗೆಂದೇ ಮೀಸಲಾದ ಪ್ರತ್ಯೇಕ ಸ್ನಾತಕೋತ್ತರ ಪದವಿ ಹತ್ತಿರದಲ್ಲಿ ಇಲ್ಲದ ಕಾರಣ, ಎರಡು ದಾರಿಗಳನ್ನು ತೂಗಿ ನೋಡಬೇಕಾಗುತ್ತದೆ. ಎರಡರ ಅವಧಿಯೂ 2 ವರ್ಷ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಾಗಲಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಾಗಲಿ ಎಂಎಸ್‌ಡಬ್ಲ್ಯೂ ಓದಿದರೆ, ತರಗತಿಯ ಜೊತೆಗೆ ಕ್ಷೇತ್ರಕಾರ್ಯವೂ ಇರುವುದರಿಂದ, ಸಂಕಟದಲ್ಲಿರುವವರ ಮಾತನ್ನು ತಾಳ್ಮೆಯಿಂದ ಕೇಳುವುದು, ಮನೆಯವರೊಡನೆ ವ್ಯವಹರಿಸುವುದು, ವರದಿ ಬರೆಯುವುದು ಇವೆಲ್ಲ ಮೇಲ್ವಿಚಾರಕರ ಕಣ್ಣೆದುರಿನಲ್ಲೇ ರೂಢಿಯಾಗುತ್ತವೆ. ದೂರಶಿಕ್ಷಣ ನೀಡುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೊ) ಶಿಕ್ಷಣಶಾಸ್ತ್ರದ ಎಂಎಯನ್ನು ಕೈಯಲ್ಲಿರುವ ಕೆಲಸ ಬಿಡದೆ ಓದಬಹುದು. ಉನ್ನತ ಶಿಕ್ಷಣದ ವ್ಯವಸ್ಥೆಯನ್ನು ಅರಿಯಲು ಅದು ಒಳ್ಳೆಯದು. ಕನ್ನಡ ಮಾಧ್ಯಮದಲ್ಲಿ ಕಲಿತು ಮಲಯಾಳದ ಅರ್ಜಿಗಳೆದುರು ತಡವರಿಸುವ ನಮ್ಮ ಮಕ್ಕಳನ್ನು ನೆನೆದಾಗ, ಅವರಿಗೆ ಮೊದಲು ಬೇಕಾದ್ದು ತಾಳ್ಮೆಯಿಂದ ಕೇಳುವವರು ಎನಿಸಿ, ನನ್ನ ಒಲವು ಎಂಎಸ್‌ಡಬ್ಲ್ಯೂ ಕಡೆಗೇ ಹೋಗುತ್ತದೆ.